ತೆಗೆದ ಟಿಕ್ಕು

ಮಕ್ಕಳ ಪಾಲನಾ ಕಚೇರಿಯಿಂದ ಫೋನ್ ಬಂದಾಗ ಅಕ್ಕ ಯಾರದೋ ಕೋಟಿನ ತೋಳು ಬಿಚ್ಚುತ್ತಾ ಕೂತಿದ್ದಳು. ಶುಕ್ರವಾರ ಬೆಳಗ್ಗೆ ಮಗುವನ್ನು ಕರೆತನ್ನಿ, ಬಟ್ಟೆಬರೆ ಜೊತೆಗಿರಲಿ, ಹೊಸ ಮನೆಯವರು ಇಲ್ಲಿಂದಲೇ ಕರೆದುಕೊಂಡು ಹೋಗುತ್ತಾರೆ ಎಂದು ಆ ಕಡೆಯ ದನಿ ಹೇಳಿತು. ಅಕ್ಕ ಸರಿ ಎನ್ನಲಿಲ್ಲ, ಆಗಲ್ಲ ಎಂದೂ ಎನ್ನಲಿಲ್ಲ. ಫೋನ್ ಕೆಳಗಿಟ್ಟು, ಇನ್ನೊಂದು ತೋಳನ್ನೂ ಬಿಚ್ಚಿ, ದಾರದ ಚೂರುಗಳನ್ನು ಆಯ್ದು ಡಬ್ಬಿಗೆ ಹಾಕಿ, ಆಮೇಲೆ ತಂಗಿಗೆ ಫೋನ್ ಮಾಡಿದಳು. ಮನೆಗೆ ಬೆಂಕಿ ಬಿದ್ದರೂ ಸೂಜಿಯನ್ನು ಅದರ ಜಾಗದಲ್ಲಿ ಚುಚ್ಚಿಟ್ಟೇ ಏಳುವ ಹೆಂಗಸು ಅವಳು.

"ಬುಗುರೀನ ಬೇರೆ ಮನೆಗೆ ಕಳಿಸ್ತಾರಂತೆ," ಎಂದಳು. "ನಾನೇ ಒಪ್ಪಿದ್ದೀನಂತೆ. ನಿನ್ನ ವೆಬ್‌ಸೈಟಲ್ಲಿ ಹಾಗಂತ ಇದೆಯಂತೆ."

ಬುಗುರಿ ಅಕ್ಕ ಹೆತ್ತ ಮಗುವಲ್ಲ. ಹೆತ್ತವರಿಲ್ಲದ, ಇದ್ದರೂ ನೋಡಿಕೊಳ್ಳಲಾಗದ ಮಕ್ಕಳನ್ನು ಆ ಕಚೇರಿಯವರು ಸಾಕು ಮನೆಗಳಿಗೆ ಒಪ್ಪಿಸುತ್ತಾರೆ. ಮಾತು ನೆಟ್ಟಗೆ ಬರುವ ಮೊದಲೇ ಹಾಗೆ ಬಂದವಳು ಅವಳು. ಈಗ ಹಾಲುಹಲ್ಲು ಬೀಳುತ್ತಿವೆ. ನಿಂತಲ್ಲಿ ನಿಲ್ಲದೆ ಗಿರಗಿರ ತಿರುಗುತ್ತಾಳೆಂದು ಭಾವ ಇಟ್ಟ ಹೆಸರು ಬುಗುರಿ. ಮನೆಯಲ್ಲಿ ಬಾಯಿ ತೆರೆದರೆ ಮುಚ್ಚುವುದಿಲ್ಲ, ಹೊರಗಿನವರ ಮುಂದೆ ಜಪ್ಪಯ್ಯ ಎಂದರೂ ತುಟಿ ಬಿಚ್ಚುವುದಿಲ್ಲ. ಅಕ್ಕನನ್ನು ಅಮ್ಮ ಎನ್ನುತ್ತಾಳೆ, ತಂಗಿಯನ್ನು ಚಿಕ್ಕಿ. ಆದರೆ ಕಾಗದದ ಮೇಲೆ ಮಗು ಕಚೇರಿಯದು. ಅವರು ಕೊಟ್ಟದ್ದು, ಅವರು ಬೇಕೆಂದರೆ ತೆಗೆದುಕೊಳ್ಳಬಹುದಾದದ್ದು.

ಇನ್ನು "ನಿನ್ನ ವೆಬ್‌ಸೈಟು" ಎಂದು ಅಕ್ಕ ಹೇಳಿದ್ದು ಕುಟುಕು ಮಾತಲ್ಲ, ನಿಜ. ಪಾಲನಾ ಕಚೇರಿಯ ವೆಬ್‌ಸೈಟನ್ನು ಬರೆದುಕೊಟ್ಟದ್ದು ತಂಗಿ ಕೆಲಸ ಮಾಡುವ ಕಂಪನಿ. ಅದರಲ್ಲಿ ಸಾಕು ಮನೆಯವರು ಆಗಾಗ ತುಂಬಬೇಕಾದ ಫಾರ್ಮನ್ನು, ಅಂದರೆ ವಿಳಾಸ, ಫೋನು, ಶಾಲೆ, ಹಾಕಿಸಿದ ಲಸಿಕೆ, ಬಟ್ಟೆ ಮತ್ತು ಶೂ ಅಳತೆ ಇರುವ ಆ ಉದ್ದನೆಯ ಪುಟವನ್ನು, ಮೊದಲಿನಿಂದ ಕೊನೆಯವರೆಗೆ ಬರೆದವಳು ತಂಗಿಯೇ. ಪುಟದ ಕೊನೆಯಲ್ಲಿ ಒಂದು ಟಿಕ್ ಬಾಕ್ಸ್ ಇತ್ತು. ಅದರ ಪಕ್ಕದಲ್ಲಿ "ಮಗುವನ್ನು ಬೇರೆ ಮನೆಗೆ ಕಳಿಸಲು ನಮ್ಮ ಒಪ್ಪಿಗೆ ಇದೆ" ಎಂಬ ಒಂದು ಸಾಲು.

"ನೀನು ಟಿಕ್ ಹಾಕಿದ್ಯಾ?" ಎಂದು ತಂಗಿ ಕೇಳಿದಳು.

"ಇಲ್ಲ," ಎಂದಳು ಅಕ್ಕ.

ಅಕ್ಕನ ಮಾತನ್ನು ನಂಬದೆ ಇನ್ಯಾರ ಮಾತನ್ನು ನಂಬುವುದು. ತಂಗಿ ಮಿಕ್ಕ ಕೆಲಸವನ್ನೆಲ್ಲ ಪಕ್ಕಕ್ಕೆ ತಳ್ಳಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಾನು ಬರೆದದ್ದನ್ನೆಲ್ಲ ಮತ್ತೆ ಓದಿದಳು. ಟಿಕ್ ಹಾಕದವರ ಹೆಸರಿಗೆ ಟಿಕ್ ಬೀಳುವ ದಾರಿ ಎಲ್ಲಾದರೂ ಇದೆಯೇ, ಒಬ್ಬರದು ಇನ್ನೊಬ್ಬರ ದಾಖಲೆಗೆ ಸೇರಿಹೋಗಿದೆಯೇ ಎಂದು ಹುಡುಕಿದಳು. ಏನೂ ಸಿಗಲಿಲ್ಲ. ಸಿಕ್ಕದ್ದು ಒಂದೇ: ಅಕ್ಕನ ಫೋನಿನಿಂದ, ಅಕ್ಕನ ಗುಪ್ತಪದ ಹಾಕಿಯೇ, ಒಂದು ಮಧ್ಯಾಹ್ನ ಆ ಟಿಕ್ ಬಿದ್ದಿತ್ತು. ತಂಗಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ನೆತ್ತಿಗೇರಿತು.

ಅಕ್ಕನ ಮನೆಗೆ ಹೋದಾಗ ಭಾವ ಕಿಟಕಿಯ ಹತ್ತಿರ ಊರುಗೋಲು ಒರಗಿಸಿಕೊಂಡು ಕೂತಿದ್ದ. ಗೋಡೆಗೆ ಬಣ್ಣ ಹೊಡೆಯುವ ಕೆಲಸದವನು. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದವನು ಈಗ ಕೋಲೂರಿ ಓಡಾಡುವಷ್ಟಾಗಿದ್ದ. ಬುಗುರಿ ಅವನ ಕಾಲ ಬಳಿ ನೆಲದ ಮೇಲಿದ್ದಳು. ತಿರುಗುತ್ತಿರಲಿಲ್ಲ. ತಂಗಿ ಅಕ್ಕನನ್ನು ಅಡುಗೆಮನೆಗೆ ಕರೆದು, ಮಾತು ಹೊರಗೆ ಕೇಳದಿರಲಿ ಎಂದು ನಲ್ಲಿ ಬಿಟ್ಟಳು.

"ನನ್ನ ಹತ್ರಾನೂ ಸುಳ್ಳು ಹೇಳ್ತೀಯಾ? ಟಿಕ್ ಹಾಕಿದ್ದು ನೀನೇ. ದಿನ ಸಮೇತ ಇದೆ."

ಅಕ್ಕ ತೊಳೆದಿದ್ದ ತಟ್ಟೆಯನ್ನೇ ಮತ್ತೆ ತೊಳೆದಳು.

"ಹಾಕಿದ್ದೆ," ಎಂದಳು ಕೊನೆಗೆ. "ಇವರನ್ನ ಎತ್ತಿ ಕೂರಿಸ್ಬೇಕು, ಸ್ನಾನ ಮಾಡಿಸ್ಬೇಕು, ಹೊಲಿದು ಕೊಡ್ಬೇಕು, ಅವಳನ್ನ ಶಾಲೆಗೆ ಬಿಡ್ಬೇಕು. ಒಂದಿನ ಅವಳಿಗೆ ತಿನ್ನೋಕೆ ಕೊಡೋದೇ ಮರೆತೆ. ಅವಳು ಕೇಳ್ಲೂ ಇಲ್ಲ ಕಣೆ, ಹಾಗೇ ಮಲಗಿಬಿಟ್ಲು. ಇಂಥವಳ ಹತ್ರ ಯಾಕಿರ್ಬೇಕು ಈ ಮಗು ಅನ್ನಿಸ್ತು. ಮಾರನೇ ದಿನ ಹಾಕಿದೆ."

"ಮತ್ತೆ ಇಲ್ಲ ಅಂದೆ?"

"ತೆಗೆದೆ ಅಲ್ವಾ. ಇವರು ಗೋಡೆ ಹಿಡ್ಕೊಂಡು ಓಡಾಡೋ ಹಾಗಾದ್ರು. ಅವಳಿಗೆ ಶೂ ಬಿಗಿಯಾಗ್ತಿತ್ತು, ಹೊಸ ಅಳತೆ ಬರೆಯೋಕೆ ಪುಟ ತೆಗೆದಾಗ ಆ ಟಿಕ್ ಕಂಡಿತು. ಎದೆ ಒಡೆದುಹೋಯ್ತು. ತೆಗೆದು ಸಲ್ಲಿಸಿದೆ. 'ಮಾಹಿತಿ ಉಳಿಸಲಾಗಿದೆ' ಅಂತ ಹಸಿರು ಅಕ್ಷರ ಬಂತು. ಆಮೇಲೆ ಅದನ್ನ ಯಾರಿಗೆ ಯಾಕೆ ಹೇಳ್ಲಿ? ಹಾಕಿದ್ದೂ ನಾನೇ, ತೆಗೆದಿದ್ದೂ ನಾನೇ."

ತಂಗಿ ನಲ್ಲಿ ನಿಲ್ಲಿಸಿದಳು. ತಪ್ಪು ಎಲ್ಲಿದೆಯೆಂದು ಅವಳಿಗೆ ಅಲ್ಲಿಯೇ, ಆ ತೊಟ್ಟಿಯ ಮುಂದೆ ನಿಂತಲ್ಲೇ, ಕಂಪ್ಯೂಟರ್ ಮುಟ್ಟದೆಯೇ ಗೊತ್ತಾಯಿತು. ಟಿಕ್ ಹೇಗೆ ಬಿತ್ತೆಂದು ಇಡೀ ದಿನ ಹುಡುಕಿದ್ದಳು. ತೆಗೆದದ್ದು ಏನಾಯಿತೆಂದು ಹುಡುಕಬೇಕಿತ್ತು.

ಈ ಕಸುಬಿನ ಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಅವಳ ಸಂಕಟ ಅರ್ಥವಾಗುವುದಿಲ್ಲ. ಫಾರ್ಮ್ ತುಂಬಿ "ಸಲ್ಲಿಸಿ" ಒತ್ತಿದಾಗ ಪುಟದ ಒಂದೊಂದು ಖಾನೆಯೂ ತನ್ನ ಹೆಸರನ್ನೂ ತನ್ನಲ್ಲಿ ಬರೆದದ್ದನ್ನೂ ಒಂದೇ ಗಂಟಿಗೆ ಹಾಕುತ್ತದೆ. ಆ ಗಂಟು ಆ ಕಡೆ ಹೋಗಿ ಬಿಚ್ಚಿಕೊಳ್ಳುತ್ತದೆ. ಖಾಲಿ ಬಿಟ್ಟ ಖಾನೆ ಕೂಡ ನಾನು ಖಾಲಿ ಎಂದು ಹೇಳಿಕೊಂಡೇ ಬರುತ್ತದೆ. ಟಿಕ್ ಬಾಕ್ಸಿನ ಬುದ್ಧಿ ಮಾತ್ರ ಬೇರೆ. ಟಿಕ್ ಇದ್ದರೆ ಗಂಟು ಹತ್ತುತ್ತದೆ, ಇಲ್ಲದಿದ್ದರೆ ಹತ್ತುವುದೇ ಇಲ್ಲ. ಬೇಡ ಎಂದು ಹೇಳುವುದಕ್ಕೂ ಅದು ಬರುವುದಿಲ್ಲ, ಸುಮ್ಮನೆ ಮನೆಯಲ್ಲೇ ಉಳಿದುಬಿಡುತ್ತದೆ. ಇದು ಈ ಕಸುಬಿನವರಿಗೆಲ್ಲ ಗೊತ್ತಿರುವುದರಿಂದಲೇ ವೆಬ್‌ಸೈಟ್ ಕಟ್ಟಲು ಬಳಸುವ ಫ್ರೇಮ್‌ವರ್ಕುಗಳು ಟಿಕ್ ಬಾಕ್ಸಿನ ಬೆನ್ನಿಗೆ ಕಣ್ಣಿಗೆ ಕಾಣದ ಇನ್ನೊಂದು ಖಾನೆಯನ್ನು ತಾವೇ ಅಂಟಿಸಿ ಕೊಡುತ್ತವೆ. ಟಿಕ್ ಬಾರದ ದಿನ ಆ ಅಡಗಿದ ಖಾನೆ "ಇಲ್ಲ" ಎಂಬ ಮಾತನ್ನು ಹೊತ್ತುಕೊಂಡು ಹೋಗುತ್ತದೆ.

ಆದರೆ ಕಚೇರಿಯ ದೊಡ್ಡವರೊಬ್ಬರಿಗೆ ಆ ಟಿಕ್ಕಿನ ಪೆಟ್ಟಿಗೆ ಕಣ್ಣಿಗೆ ಹಿಡಿಸಿರಲಿಲ್ಲ. ದೊಡ್ಡದಿರಲಿ, ಮೂಲೆಗಳು ದುಂಡಗಿರಲಿ, ಟಿಕ್ ಬೀಳುವಾಗ ಬಣ್ಣ ಹರಡಲಿ ಎಂದಿದ್ದರು. ತಂಗಿ ಫ್ರೇಮ್‌ವರ್ಕ್ ಕೊಟ್ಟದ್ದನ್ನು ಕಿತ್ತು, ಪೆಟ್ಟಿಗೆಯನ್ನು ಕೈಯಾರೆ ಬರೆದಳು. ಪೆಟ್ಟಿಗೆ ಅಂದವಾಗಿ ಬಂತು, ಎಲ್ಲರೂ ಭೇಷ್ ಎಂದರು. ಅಡಗಿದ ಖಾನೆ ಮಾತ್ರ ಕಿತ್ತದ್ದರ ಜೊತೆಗೆ ಕಸಕ್ಕೆ ಹೋಗಿತ್ತು. ಅದರ ಮೇಲೆ, ಬಂದದ್ದನ್ನು ಬರೆ, ಬಾರದ್ದನ್ನು ಮುಟ್ಟಬೇಡ ಎಂಬ ನಿಯಮವನ್ನೂ ಅವಳೇ ಇಟ್ಟಿದ್ದಳು, ಯಾರದೂ ಹಳೆಯ ಮಾಹಿತಿ ಅಳಿಸಿಹೋಗದಿರಲೆಂದು. ಅಕ್ಕ ತೆಗೆದ ಟಿಕ್ಕು ಹೊರಡಲೇ ಇಲ್ಲ. ಆ ಕಡೆ ಕೂತ ಪ್ರೋಗ್ರಾಮು ಒಪ್ಪಿಗೆಯ ಖಾನೆ ಬಾರದ್ದನ್ನು ಕಂಡು, ಹಳೆಯ ಒಪ್ಪಿಗೆಯನ್ನು ಮುಟ್ಟದೆ ಜೋಪಾನವಾಗಿ ಹಾಗೇ ಇಟ್ಟು, ಉಳಿಸಲಾಗಿದೆ ಎಂದು ಹಸಿರಿನಲ್ಲಿ ಹೇಳಿ ಕಳಿಸಿತು. ಟಿಕ್ ಹಾಕಿ ನೋಡಿದ್ದಳು ತಂಗಿ, ಹತ್ತಾರು ಸಲ. ತೆಗೆದು ನೋಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಇಂಥ ಟಿಕ್ಕನ್ನು ಹಾಕುವುದಕ್ಕೆ ಒಬ್ಬರಿಗೆ ಎಷ್ಟು ಕಷ್ಟವಾಗಬಹುದೆಂದು ಯೋಚಿಸಿದ್ದಳು, ಹಾಕಿದವರು ಪಶ್ಚಾತ್ತಾಪ ಪಡಬಹುದೆಂದು ಯೋಚಿಸಿರಲಿಲ್ಲ.

"ತಪ್ಪು ನಂದು," ಎಂದಳು. "ನೀನು ತೆಗೆದಿದ್ದು ಆ ಕಡೆ ಹೋಗೇ ಇಲ್ಲ."

"ಹಾಗಾದ್ರೆ ಈಗ ತೆಗಿ."

"ಈಗ ತೆಗೆದ್ರೆ ಈಗ ತೆಗೆದ ಹಾಗಾಗುತ್ತೆ. ಆಗಲೇ ಎಲ್ಲ ಸಹಿಯಾಗಿದೆ ಅಕ್ಕ. ಹೊಸ ಮನೆಯವರು ಕೋಣೆಗೆ ಬಣ್ಣನೂ ಹೊಡೆಸಿದಾರಂತೆ. ನೀನು ಅವತ್ತೇ ತೆಗೆದಿದ್ದೆ ಅಂತ ತೋರಿಸ್ಬೇಕು."

"ತೋರಿಸು ಮತ್ತೆ."

ಅಕ್ಕ ಇದನ್ನು ಎಷ್ಟು ನಂಬಿಕೆಯಿಂದ ಹೇಳಿದಳೆಂದರೆ ತಂಗಿಗೆ ಅವಳ ಮುಖ ನೋಡಲಾಗಲಿಲ್ಲ. ಬಾರದೇ ಹೋದದ್ದನ್ನು ಬಂದಿರಲಿಲ್ಲ ಎಂದು ತೋರಿಸುವುದು ಹೇಗೆ?

ದಾರಿ ಒಂದೇ ಇತ್ತು. ಬಂದ ಗಂಟುಗಳಲ್ಲಿ ಯಾವ ಯಾವ ಖಾನೆಗಳಿದ್ದವು ಎಂಬುದನ್ನು ಫ್ರೇಮ್‌ವರ್ಕ್ ಒಂದು ಲಾಗ್ ಕಡತದಲ್ಲಿ ಸಾಲುಸಾಲಾಗಿ ಬರೆದಿಡುತ್ತದೆ. ಮಾರನೇ ದಿನ ತಂಗಿ ಅದನ್ನು ತೆರೆದಳು. ಹಳೆಯದೆಲ್ಲ ಗುಡಿಸಿಹೋಗಿತ್ತು, ಜಾಗ ಉಳಿಯಲಿ ಎಂದು ಹಳೆಯ ಲಾಗ್‌ಗಳನ್ನು ತಾನಾಗಿ ಅಳಿಸುವ ಏರ್ಪಾಡನ್ನು ಮಾಡಿದವಳೂ ಅವಳೇ. ಆ ವರ್ಷ ಅಚ್ಚುಕಟ್ಟಿನ ಕೆಲಸಕ್ಕೆ ಅವಳಿಗೆ ಬಹುಮಾನ ಕೊಟ್ಟಿದ್ದರು. ಅಳಿಸುವ ಮೊದಲು ಪ್ರತಿ ತೆಗೆದಿಟ್ಟ ಬ್ಯಾಕಪ್ ಡಿಸ್ಕುಗಳಿರುವುದು ಗಡ್ಡನ ಹತ್ತಿರ. ಸರ್ವರುಗಳನ್ನು ನೋಡಿಕೊಳ್ಳುವ ಅವನನ್ನು ಎಲ್ಲರೂ ಗಡ್ಡ ಎಂದೇ ಕರೆಯುತ್ತಿದ್ದರು, ಅವನು ಗಡ್ಡ ತೆಗೆಸಿ ವರ್ಷಗಳಾಗಿದ್ದರೂ.

"ಮನೆಗಳ ಮಾಹಿತಿ ಇದು ತಾಯಿ," ಎಂದ ಗಡ್ಡ. "ಸುಮ್ಮನೆ ತೆಗೆದುಕೊಟ್ರೆ ನಿನ್ನ ಜೊತೆ ನಾನೂ ಬೀದಿಗೆ ಬೀಳ್ತೀನಿ. ಯಾಕೆ ಬೇಕು ಅಂತ ಬರೆದುಕೊಡು. ನಿಜ ಬರಿ."

ತಂಗಿ ಬರೆದಳು. ನಾನು ಬರೆದ ಫಾರ್ಮಿನಲ್ಲಿ ತಪ್ಪಿದೆ, ಅದರಿಂದ ಮನೆಯವರು ಹಿಂತೆಗೆದುಕೊಂಡ ಒಪ್ಪಿಗೆ ಹಾಗೇ ಉಳಿದಿದೆ, ಆ ಮನೆಗಳಲ್ಲಿ ಒಂದು ನನ್ನ ಅಕ್ಕನದು ಎಂದು ಬರೆದು, ಮ್ಯಾನೇಜರಿಗೂ ಪಾಲನಾ ಕಚೇರಿಗೂ ಒಂದೊಂದು ಪ್ರತಿ ಹಾಕಿದಳು. ಮ್ಯಾನೇಜರು ಕೋಣೆಯಿಂದ ಎದ್ದು ಬಂದ. ವಕೀಲರನ್ನು ಕೇಳದೆ ಇಂಥದ್ದನ್ನು ಹೊರಗೆ ಕಳಿಸುವುದುಂಟೇ, ಸೋಮವಾರದವರೆಗೆ ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದ. ಸೋಮವಾರದ ಹೊತ್ತಿಗೆ ಬುಗುರಿ ಇನ್ನೊಂದು ಊರಿನಲ್ಲಿ, ಬಣ್ಣ ಹೊಡೆದ ಕೋಣೆಯಲ್ಲಿ, ಯಾರೊಡನೆಯೂ ಮಾತಾಡದೆ ಕೂತಿರುತ್ತಾಳೆ. ತಂಗಿ ಅದನ್ನು ಅವನಿಗೆ ಹೇಳಲಿಲ್ಲ. ಹೇಳಿದರೆ ಅಳು ಬರುತ್ತಿತ್ತು, ಅತ್ತರೆ ಕೆಲಸ ಕೆಡುತ್ತಿತ್ತು.

ಗಡ್ಡ ಒಂದಾದ ಮೇಲೊಂದು ಡಿಸ್ಕು ಹಾಕಿದ. ಮೊದಲನೆಯದರಲ್ಲಿ ಆ ತಿಂಗಳೇ ಇರಲಿಲ್ಲ. ಇನ್ನೊಂದು ಓದಲಿಕ್ಕೇ ಬರಲಿಲ್ಲ. ತಂಗಿ ಬೆರಳುಗಳನ್ನು ಹೆಣೆದು ಹಿಡಿದು ಅವನ ಹಿಂದೆ ನಿಂತಿದ್ದಳು. ಅವನು ಕುರ್ಚಿ ತೋರಿಸಿದರೂ ಕೂರಲಿಲ್ಲ. ಬೀರುವಿನ ತಳದಲ್ಲಿ, ಎಸೆಯಲೆಂದು ತೆಗೆದಿಟ್ಟಿದ್ದರಲ್ಲಿ ಸಿಕ್ಕಿದ್ದು ತೆರೆದುಕೊಂಡಿತು. ಅಕ್ಕನ ಹೆಸರು ಹಾಕಿ ಹುಡುಕಿದರು. ವಿಳಾಸ ಬಂದಿತ್ತು, ಫೋನು ಬಂದಿತ್ತು, ಶಾಲೆ ಬಂದಿತ್ತು, ಹೊಸ ಶೂ ಅಳತೆ ಬಂದಿತ್ತು. ಅದರ ಕೆಳಗೆ ಬರಬೇಕಾಗಿದ್ದ ಒಪ್ಪಿಗೆಯ ಸಾಲು ಇರಲಿಲ್ಲ.

"ಇಲ್ಲವಲ್ಲ," ಎಂದ ಗಡ್ಡ, ಪಾಪ, ಬೇಸರದಿಂದ.

"ಇಲ್ಲ," ಎಂದು ತಂಗಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅತ್ತು ಮುಗಿದ ಮೇಲೆ, ಹೀಗೆಯೇ ಇನ್ಯಾರ ಟಿಕ್ಕು ಹೊರಡದೆ ಉಳಿದಿದೆ ಎಂದು ಹುಡುಕಿ ನೋಡೆಂದು ಅವನಿಗೆ ಹೇಳಿದಳು. ಇನ್ನೂ ಕೆಲವರಿದ್ದರು.

ಶುಕ್ರವಾರ ಪಾಲನಾ ಕಚೇರಿಯ ಓಣಿಯಲ್ಲಿ ಉದ್ದನೆಯ ಬೆಂಚಿನ ಒಂದು ತುದಿಗೆ ಅಕ್ಕ ಮತ್ತು ಬುಗುರಿ, ಮಧ್ಯೆ ಬಟ್ಟೆಯ ಚೀಲ. ಚೀಲವನ್ನು ಅಕ್ಕ ಹಿಂದಿನ ದಿನ ತುಂಬಿದ್ದಳು. ತುಂಬುವುದನ್ನು ಬುಗುರಿ ನೋಡಿದ್ದಳು. ಬೆಂಚಿನ ಇನ್ನೊಂದು ತುದಿಗೆ ಹೊಸ ಮನೆಯ ಗಂಡ ಹೆಂಡತಿ. ಹೆಂಡತಿಯ ತೊಡೆಯ ಮೇಲೆ ಒಂದು ಶೂ ಡಬ್ಬಿ. ಕೆಟ್ಟವರಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವರ ಮುಖದಲ್ಲಿ ಕೆಟ್ಟದ್ದು ಎಳ್ಳಷ್ಟೂ ಇರಲಿಲ್ಲ, ಮಗುವನ್ನು ನೋಡಿ ನಗಬೇಕೋ ಬೇಡವೋ ಎಂಬ ಹೆದರಿಕೆ ಮಾತ್ರ ಇತ್ತು.

ಒಳಗೆ ಅಧಿಕಾರಿ ಮೇಡಂ, ತಂಗಿ ಆ ಲಾಗಿನಿಂದ ಮುದ್ರಿಸಿ ಕೊಟ್ಟ ಹಾಳೆಯನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಓದಿದರು.

"ಇದರಲ್ಲಿ ಒಪ್ಪಿಗೆ ಇಲ್ಲ ಅಂತ ಎಲ್ಲಿದೆ?"

"ಎಲ್ಲೂ ಇಲ್ಲ ಮೇಡಂ. ಟಿಕ್ ಇದ್ದಿದ್ರೆ ಇಲ್ಲಿ, ಶೂ ಅಳತೆ ಕೆಳಗೆ, ಒಂದು ಸಾಲು ಬರ್ಬೇಕಿತ್ತು. ಬಂದಿಲ್ಲ. ಬರದೇ ಇರೋದೇ ಅವಳು ತೆಗೆದಿದ್ದಕ್ಕೆ ಗುರುತು."

"ಅಂದ್ರೆ ನೀವು ಏನೂ ಬರೆದಿಲ್ಲದ ಜಾಗ ತೋರಿಸಿ ಇದನ್ನ ಓದಿ ಅಂತಿದೀರಿ."

"ಹೂಂ ಮೇಡಂ."

"ಫಾರ್ಮ್ ಬರೆದವರು ನೀವು. ಆ ತಾಯಿಯ ತಂಗಿನೂ ನೀವೇ. ಈ ಹಾಳೆಯನ್ನ ಇವತ್ತು ಬೆಳಗ್ಗೆ ಮನೆಯಲ್ಲೇ ತಯಾರು ಮಾಡ್ಕೊಂಡು ಬಂದಿಲ್ಲ ಅಂತ ನಾನು ಹೇಗೆ ನಂಬಲಿ?"

ಅವರ ಜಾಗದಲ್ಲಿದ್ದರೆ ತಂಗಿಯೂ ಇದನ್ನೇ ಕೇಳುತ್ತಿದ್ದಳು. ಮೇಜಿನ ಅಂಚು ಹಿಡಿದುಕೊಂಡಳು. ಮುಚ್ಚದ ಬಾಗಿಲಿನ ಸಂದಿಯಲ್ಲಿ ಓಣಿ ಕಾಣುತ್ತಿತ್ತು, ಬೆಂಚು ಕಾಣುತ್ತಿತ್ತು, ಆ ಡಬ್ಬಿ ಕಾಣುತ್ತಿತ್ತು.

"ಮೇಡಂ, ಹೊರಗಿರೋ ಆಯಮ್ಮ ಶೂ ತಂದಿದಾರೆ. ಅಳತೆ ಯಾರು ಕೊಟ್ರು?"

"ನಾವೇ. ದಾಖಲೆಯಲ್ಲಿತ್ತು."

"ಆ ಅಳತೆ ದಾಖಲೆಗೆ ಯಾವತ್ತು ಬಂತು ಅಂತ ನಿಮ್ಮ ಕಂಪ್ಯೂಟರಲ್ಲೇ ನೋಡಿ. ನಾನು ಮುಟ್ಟಲ್ಲ, ನೀವೇ ನೋಡಿ."

ಮೇಡಂ ನೋಡಿದರು. ಹಾಳೆಯಲ್ಲಿದ್ದ ದಿನವೇ ಇತ್ತು.

"ಒಂದೇ ಗಂಟಲ್ಲಿ ಬಂದಿದ್ದು ಮೇಡಂ. ಶೂ ಅಳತೆ ನಿಮಗೆ ತಲುಪಿತು, ಬೇಡ ಅಂದಿದ್ದು ತಲುಪ್ಲಿಲ್ಲ. ಅಕ್ಕ ಅವತ್ತು ಎರಡನ್ನೂ ಹೇಳಿದ್ಲು." ತಂಗಿ ಚೀಲದಿಂದ ಇನ್ನೊಂದು ಹಾಳೆ ತೆಗೆದಳು. "ಇವಳೊಬ್ಬಳದೇ ಅಲ್ಲ. ಇನ್ನೂ ಕೆಲವು ಮನೆಗಳಿವೆ. ಒಬ್ಬರು ಬಸ್ ಡ್ರೈವರು."

ಮೇಡಂ ಹಾಳೆಗೆ ಕೈ ಚಾಚಿದವರು ಅರ್ಧಕ್ಕೇ ನಿಂತರು. ಆ ಡ್ರೈವರು ಅವರಿಗೆ ನೆನಪಿದ್ದ. ನಾವು ಟಿಕ್ ತೆಗೆದಿದ್ದೆವು, ದೇವರಾಣೆ ತೆಗೆದಿದ್ದೆವು ಎಂದು ಇದೇ ಕೋಣೆಯಲ್ಲಿ ನಿಂತು ಹೇಳಿದ್ದ. ದಾಖಲೆ ಸುಳ್ಳು ಹೇಳೋದಿಲ್ಲ, ಮಗುವಿನ ವಿಷಯದಲ್ಲಿ ನೀವೂ ಹೇಳಬೇಡಿ ಎಂದು ಅವನನ್ನು ಗದರಿ ಕಳಿಸಿದವರು ಇವರೇ. ಅವನ ಸಾಕುಮಗ ಬೇರೆ ಮನೆಗೆ ಹೋಗಿಯಾಗಿತ್ತು.

ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಹಾಳೆ ಒಪ್ಕೋತೀನಿ," ಎಂದರು. "ಆದ್ರೆ ಮಗುವಿನ ಅಭಿಪ್ರಾಯ ಅಂತ ಒಂದು ಪತ್ರ ಇದೆ. ನಮ್ಮ ಆಪ್ತಸಲಹೆಗಾರ್ತಿ ಬುಧವಾರ ಶಾಲೆಗೆ ಹೋಗಿ ಕೇಳಿದ್ರು, ಹೊಸ ಮನೆಗೆ ಹೋಗ್ತೀಯಾ ಅಂತ. ಆಕ್ಷೇಪಣೆ ಅನ್ನೋ ಜಾಗ ಖಾಲಿ ಇದೆ. ಅಂದ್ರೆ ಮಗೂಗೆ ಆಕ್ಷೇಪಣೆ ಇಲ್ಲ."

"ಅವಳು ಏನು ಹೇಳಿದ್ಲಂತೆ?"

"ಏನೂ ಹೇಳ್ಲಿಲ್ಲ."

"ಏನೂ ಹೇಳ್ಲಿಲ್ಲ ಅಂದ್ರೆ ಏನೂ ಹೇಳ್ಲಿಲ್ಲ ಅಂತಷ್ಟೇ ಮೇಡಂ." ತಂಗಿ ಕೈ ಜೋಡಿಸಿದಳು. "ನಾನು ಮಾಡಿದ್ದೂ ಇದನ್ನೇ. ನನ್ನ ಕಂಪ್ಯೂಟರಿಗಾದ್ರೂ ಕಣ್ಣಿರಲಿಲ್ಲ. ದಯವಿಟ್ಟು ಇನ್ನೊಂದ್ಸಲ ಕೇಳಿ. ಹೋಗೋದಾ, ಇರೋದಾ, ಎರಡರಲ್ಲಿ ಒಂದನ್ನ ಅವಳು ಬಾಯಿಬಿಟ್ಟು ಹೇಳೋ ಹಾಗೆ ಕೇಳಿ."

ಅಕ್ಕನನ್ನೂ ಬುಗುರಿಯನ್ನೂ ಒಳಗೆ ಕರೆದರು. ಮೂಲೆಯಲ್ಲಿ ಮಕ್ಕಳಿಗೆಂದು ಇಟ್ಟ ಆಟಿಕೆಗಳ ಬುಟ್ಟಿಯನ್ನು ಬುಗುರಿ ನೋಡಲೂ ಇಲ್ಲ. ಅಕ್ಕನ ಮೊಣಕಾಲಿಗೆ ಕೈಯೂರಿ ನಿಂತಳು. ಮೇಡಂ ಮೆಲ್ಲಗೆ ಕೇಳಿದರು. ಇನ್ನೊಮ್ಮೆ ಕೇಳಿದರು. ಬುಗುರಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹೊರಗೆ ಯಾರೋ ಕೆಮ್ಮಿದರು. ಮೇಡಂ ತಮಗೆ ಗೊತ್ತಿಲ್ಲದೆಯೇ ಪೆನ್ನು ಎತ್ತಿಕೊಂಡರು.

ಆಗ ಬುಗುರಿ ಬಾಯಿ ಬಿಟ್ಟಳು. ಮೇಡಂ ಕಡೆಗಲ್ಲ, ಅಕ್ಕನ ಕಡೆಗೆ.

"ನೀನು ಒಪ್ಪಿದ್ದೀಯಂತೆ. ಶಾಲೆಗೆ ಬಂದ ಆಂಟಿ ಹೇಳಿದ್ರು. ಸುಳ್ಳಲ್ವಾ ಅಮ್ಮ?"

ತಂಗಿ ಕಣ್ಣು ಮುಚ್ಚಿದಳು. ಸುಳ್ಳು ಎಂದರೆ ಮಗುವಿನ ಎದೆ ತಣ್ಣಗಾಗುತ್ತದೆ, ಆದರೆ ಮೇಜಿನ ಮೇಲಿನ ಹಾಳೆ ಕಸವಾಗುತ್ತದೆ. ಹಾಕಿರದ ಟಿಕ್ಕನ್ನು ತೆಗೆಯುವುದೆಲ್ಲಿಂದ ಬಂತು. ನಿಜ ಎಂದರೆ ಹಾಳೆ ನಿಲ್ಲುತ್ತದೆ, ಮಗು ನಿಲ್ಲುತ್ತದೋ ಇಲ್ಲವೋ ಯಾರಿಗೆ ಗೊತ್ತು. ಇಷ್ಟನ್ನೂ ತಾನೇ ಇಲ್ಲಿಗೆ ತಂದು ನಿಲ್ಲಿಸಿದೆನಲ್ಲ, ಒಂದು ಅಂದದ ಪೆಟ್ಟಿಗೆಗಾಗಿ, ಎಂದು ತನ್ನನ್ನು ತಾನೇ ಶಪಿಸಿಕೊಂಡಳು.

ಅಕ್ಕ ಜೀವನದಲ್ಲಿ ಯಾವುದನ್ನೂ ಇನ್ನೊಬ್ಬರ ಮುಂದೆ ಬಿಡಿಸಿ ಹೇಳಿದವಳಲ್ಲ.

"ಸುಳ್ಳಲ್ಲ," ಎಂದಳು. "ಅಪ್ಪ ಮಲಗಿದ್ರಲ್ಲ, ಆಗ ಒಪ್ಪಿದ್ದೆ. ನನ್ನ ಕೈಲಿ ಆಗಲ್ಲ ಅನ್ನಿಸಿತ್ತು. ನಿನಗೆ ಊಟ ಹಾಕೋದು ಮರೆತಿದ್ದೆ."

ಬುಗುರಿಯ ಕೈ ಅಕ್ಕನ ಮೊಣಕಾಲಿನಿಂದ ಜಾರಿತು.

"ಆಮೇಲೆ ತೆಗೆದುಹಾಕಿದೆ. ಅಪ್ಪ ಗೋಡೆ ಹಿಡ್ಕೊಂಡು ಬಚ್ಚಲವರೆಗೆ ಹೋದ್ರಲ್ಲ, ನೀನು ಚಪ್ಪಾಳೆ ಹೊಡೆದ್ಯಲ್ಲ, ಅವತ್ತು. ಬೇಡ, ಕಳಿಸಲ್ಲ ಅಂತ. ಅದು ಇವರಿಗೆ ಗೊತ್ತಾಗ್ಲಿಲ್ಲ."

"ಯಾಕೆ ಗೊತ್ತಾಗ್ಲಿಲ್ಲ?"

"ನನ್ನಿಂದ," ಎಂದಳು ತಂಗಿ. "ನಾನು ಮಾಡಿದ ಪುಟ ಸರಿ ಇರಲಿಲ್ಲ."

ಬುಗುರಿ ಚಿಕ್ಕಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು. ಯಾರ ಹತ್ತಿರವೂ ಹೋಗದೆ ಕೋಣೆಯ ನಡುವೆ ನಿಂತಳು. ಮೇಡಂ ಪೆನ್ನು ಕೆಳಗಿಟ್ಟು ಮೂರನೇ ಸಲ ಕೇಳಿದರು, ಎಲ್ಲಿಗೆ ಹೋಗ್ತೀಯಮ್ಮಾ ಎಂದು.

"ಮನೆಗೆ."

"ಯಾವ ಮನೆಗೆ?"

"ಹೊ​ಲಿಗೆ ಮಷೀನ್ ಇರೋ ಮನೆಗೆ," ಎಂದಳು ಬುಗುರಿ. ಅಮ್ಮನ ಮನೆಗೆ ಎನ್ನಲಿಲ್ಲ. ಅಕ್ಕನಿಗೆ ಅದು ಕೇಳಿಸಿತು.

ಹೊಸ ಮನೆಯವರಿಗೆ ಮೇಡಂ ಓಣಿಯಲ್ಲೇ ಏನೋ ಹೇಳಿದರು. ಆಯಮ್ಮ ಜಗಳವಾಡಲಿಲ್ಲ, ಕೂಗಲಿಲ್ಲ. ಎದ್ದು ನಾಲ್ಕು ಹೆಜ್ಜೆ ಹೋಗಿ, ತೊಡೆಯ ಮೇಲಿದ್ದ ಡಬ್ಬಿ ಈಗ ಕೈಯಲ್ಲಿರುವುದನ್ನು ನೋಡಿಕೊಂಡು, ಅದನ್ನು ಏನು ಮಾಡಬೇಕೆಂದು ತಿಳಿಯದೆ ಎದೆಗೆ ಅವುಚಿಕೊಂಡು ಹೊರಟುಹೋದಳು. ಅವಳಿಗೆ ಆದ ಅನ್ಯಾಯವೂ ತಂಗಿಯ ಲೆಕ್ಕಕ್ಕೇ ಸೇರಬೇಕು.

ಬಸ್ ಡ್ರೈವರಿಗೆ ತಾನೇ ಹೇಳುತ್ತೇನೆಂದು ತಂಗಿ ಕೇಳಿಕೊಂಡಿದ್ದಳು. ಕಚೇರಿಯ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ನಾವು ಅವತ್ತೇ ಹೇಳಿದ್ವಿ," ಎಂದ.

"ಹೂಂ. ಹೇಳಿದ್ರಿ."

"ಈಗ ಅವನು ವಾಪಸ್ ಬರ್ತಾನಾ?"

ಗೊತ್ತಿಲ್ಲ ಎಂದಳು. ಮೇಡಂ ನೋಡುತ್ತೇವೆ ಎಂದಿದ್ದಾರೆ, ಆದರೆ ಅವನು ಅಲ್ಲಿ ಹೊಂದಿಕೊಂಡುಬಿಟ್ಟಿದ್ದರೆ ಗೊತ್ತಿಲ್ಲ ಎಂದಳು. ಆ ಕಡೆಯಿಂದ ಬೈಗುಳ ಬಂದಿದ್ದರೆ ಚೆನ್ನಾಗಿತ್ತು. ಅವನು ಫೋನ್ ಇಡದೆ, ಮಾತೂ ಆಡದೆ ಉಸಿರಾಡುತ್ತಿದ್ದ. ಅವಳೂ ಇಡದೆ ನಿಂತಿದ್ದಳು.

ಆ ಸಂಜೆ ಅಕ್ಕನ ಮನೆಯಲ್ಲಿ ಹೊಸ ಪುಟ ತೆರೆದರು. ಅಂದದ ಪೆಟ್ಟಿಗೆಯನ್ನು ತಂಗಿ ಅಂದೇ ಕಿತ್ತೆಸೆದಿದ್ದಳು. ಸೋಮವಾರದಿಂದ ಕೆಲಸವಿರುತ್ತದೋ ಇಲ್ಲವೋ, ಅದನ್ನು ಮಾಡಿಟ್ಟೇ ಎದ್ದಿದ್ದಳು. ಈಗ ಅಲ್ಲಿ ಒಂದು ನೇರ ಪ್ರಶ್ನೆ, ಕೆಳಗೆ "ಇದೆ" ಮತ್ತು "ಇಲ್ಲ" ಎಂಬ ಎರಡು ಸಾದಾ ವೃತ್ತಗಳು. ಎರಡರಲ್ಲಿ ಒಂದನ್ನು ಒತ್ತದ ಹೊರತು ಪುಟ ಮುಂದೆ ಹೋಗುವುದಿಲ್ಲ. ಅಕ್ಕ "ಇಲ್ಲ" ಒತ್ತಿ ಸಲ್ಲಿಸಿದಳು. ಹಸಿರು ಅಕ್ಷರ ಬಂತು. ಭಾವ ಕುರ್ಚಿಯಿಂದಲೇ ಕುತ್ತಿಗೆ ಚಾಚಿ ನೋಡಿದ. ಅಕ್ಕ ಟಿಕ್ ಹಾಕಿದ್ದೂ ತೆಗೆದದ್ದೂ ಅವನಿಗೆ ತಿಳಿದದ್ದು ಅಂದೇ.

"ಮುಚ್ಚಿ ತೆಗಿ," ಎಂದಳು ಬುಗುರಿ, ಬಾಗಿಲ ಹತ್ತಿರದಿಂದ.

ತಂಗಿ ಮುಚ್ಚಿ ತೆಗೆದಳು. "ಇಲ್ಲ" ಅಲ್ಲೇ ಇತ್ತು.

"ಇನ್ನೊಂದ್ಸಲ."

ಇನ್ನೊಂದು ಸಲವೂ ಇತ್ತು. ಬುಗುರಿ ಹತ್ತಿರ ಬಂದು ಪರದೆಯ ಮೇಲೆ ಬೆರಳಿಟ್ಟು ಎರಡಕ್ಷರವನ್ನೂ ಬಿಡಿಬಿಡಿಯಾಗಿ ಓದಿದಳು. ಆಮೇಲೆ ಒಳಗೆ ಹೋಗಿ ಮಲಗಿದಳು. ಚೀಲದ ಬಟ್ಟೆ ತೆಗೆದಿಡಲು ಅಕ್ಕ ಹೋದರೆ, ಅದು ಹಾಗೇ ಇರಲಿ ಎಂದಳು.

ಚೀಲ ಇನ್ನೂ ಬಾಗಿಲ ಹಿಂದೆಯೇ ಇದೆ. ಬುಗುರಿ ದಿನವೂ ಶಾಲೆಯಿಂದ ಬಂದು ಅದರಿಂದಲೇ ಬಟ್ಟೆ ತೆಗೆದು ಹಾಕಿಕೊಳ್ಳುತ್ತಾಳೆ, ಆಮೇಲೆ ಅಮ್ಮನ ಫೋನು ಕೇಳುತ್ತಾಳೆ. ಅಕ್ಕ ಹೊಲಿಗೆ ಅರ್ಧಕ್ಕೆ ನಿಲ್ಲಿಸಿ, ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು, ಎದ್ದು ಬಂದು ಪಕ್ಕದಲ್ಲಿ ಕೂರುತ್ತಾಳೆ. ಬುಗುರಿ ಪುಟ ತೆರೆದು ಕೆಳಗಿನವರೆಗೂ ಎಳೆದು ನೋಡುತ್ತಾಳೆ. ನೋಡಿ ಮುಗಿಯುವವರೆಗೆ ಅಕ್ಕ ಉಸಿರು ಬಿಗಿಹಿಡಿದು ಕೂತಿರುತ್ತಾಳೆ, ತಾನೇ ಒತ್ತಿದ್ದು ಅಲ್ಲಿರುತ್ತದೆಂದು ಗೊತ್ತಿದ್ದರೂ.